ಗೋಣಿಚೀಲದಲ್ಲಿ ಬಂದ ಮರ ಕೊಯ್ಯುವ ಮಿಷನ್

ಮೂಡಿಗೆರೆಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಸ್ಪ್ರೇಯರ್, ಕಳೆ ಹೊಡೆಯುವ ಮಿಷನ್, ನೀರಿನ ಪಂಪು, ಮರ ಕೊಯ್ಯುವ ಮಿಷನ್ (ಚೈನ್ ಸಾ), ಇವೇ ದಿನದ ಕೆಲಸ. ಕಳೆದ ಮುಂಗಾರಿನಲ್ಲಿ ನನ್ನ ಕೈಗೆ ಬಂದ ಒಂದು ಮಿಷನ್ ಬಗ್ಗೆ ಇಲ್ಲಿ ಮೊದಲಿಂದ ಕೊನೆವರೆಗೆ ಬರೆಯುತ್ತೇನೆ. ನಮ್ಮ ಕಡೆ ಎಷ್ಟೋ ತೋಟದ ಸ್ಟೋರುಗಳಲ್ಲಿ ಇಂಥದ್ದೊಂದು ಅರ್ಧ ಬಿಚ್ಚಿಟ್ಟು ಬಿದ್ದಿರುತ್ತದೆ. ಗುಜರಿಗೆ ಹಾಕಲು ಮನಸ್ಸಿಲ್ಲ, ಓಡಿಸೋಣ ಅಂದರೆ ಸಾಮಾನಿಲ್ಲ. ಅಂಥವರಿಗೆ ಇದು ಉಪಯೋಗಕ್ಕೆ ಬಂದೀತು.

ಜೂನ್ ತಿಂಗಳು, ಒಂದೇ ಸಮ ಮಳೆ. ಬಣಕಲ್ ಕಡೆಯ ಬೆಳೆಗಾರರೊಬ್ಬರು ಜೀಪಿನ ಹಿಂದಿನಿಂದ ಒಂದು ಗೋಣಿಚೀಲ ಇಳಿಸಿದರು. ಆರು ಎಕರೆ ಕಾಫಿ ಅವರದು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ.

"ಅಪ್ಪ ಇದ್ದಾಗ ತಗೊಂಡಿದ್ದು ಮಾರಾಯ. ಯಾರೋ ರಿಪೇರಿ ಮಾಡ್ತೀನಿ ಅಂತ ಬಿಚ್ಚಿದ್ರು, ಮತ್ತೆ ಜೋಡಿಸಲೇ ಇಲ್ಲ. ಆರು ವರ್ಷದಿಂದ ಸ್ಟೋರಲ್ಲೇ ಇದೆ. ಗಾಳಿಗೆ ಮೂರು ಸಿಲ್ವರ್ ಬಿದ್ದಿದೆ, ಗಿಡದ ಮೇಲೇ ಮಲಗಿದೆ. ಮಿಷನಿನವರು ಯಾರೂ ಸಿಗ್ತಿಲ್ಲ. ಏನಾದ್ರೂ ಆಗುತ್ತಾ ನೋಡು."

ಮಳೆಗಾಲದಲ್ಲಿ ಮಿಷನ್ ಇಟ್ಟುಕೊಂಡು ದಿನಗೂಲಿಗೆ ಬರುವವರು ಸಿಗುವುದು ನಿಜವಾಗಿ ಕಷ್ಟ. ಎಲ್ಲರ ತೋಟದಲ್ಲೂ ಒಂದೇ ವಾರ ಮರ ಬೀಳುತ್ತದೆ. ಕಾಫಿಗೆ ನೆರಳಾಗಿ ಬೆಳೆಸುವ ಸಿಲ್ವರ್ ಓಕ್ ಮರಕ್ಕೆ ಕಾಳುಮೆಣಸಿನ ಬಳ್ಳಿ ಬೇರೆ ಹಬ್ಬಿಸಿರುತ್ತೇವೆ. ಮರ ಬಿದ್ದರೆ ಬಳ್ಳಿಯೂ ಹೋಯಿತು, ಅಡಿಯ ಗಿಡಗಳೂ ಹೋದವು. ಬೇಗ ತೆಗೆದರೆ ಒಂದಷ್ಟು ಗಿಡವಾದರೂ ಉಳಿಯುತ್ತದೆ.

ಚೀಲವನ್ನು ಪೇಪರಿನ ಮೇಲೆ ಸುರಿದೆ. ಇಂಜಿನ್ ಇದೆ, ಕಾರ್ಬುರೇಟರ್ ಇದೆ, ಸೈಲೆನ್ಸರ್ ಇದೆ. ಕ್ಲಚ್ ಮೇಲಿನ ಕವರ್ ಇದೆ, ಅದರೊಳಗೆ ಬ್ರೇಕಿನ ಪಟ್ಟಿಯೂ ಇದೆ. ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಇಲ್ಲ, ಚೈನ್ ಇಲ್ಲ, ಬಾರ್ ಹಿಡಿಯುವ ಎರಡು ನಟ್ ಇಲ್ಲ. ಚೈನ್ ಬಿಗಿ ಮಾಡುವ ಸ್ಕ್ರೂ ಇಲ್ಲ. ಹಗ್ಗ ಎಳೆಯುವ ಸ್ಟಾರ್ಟರ್ ಪೂರ್ತಿ ಇಲ್ಲ. ಏರ್ ಫಿಲ್ಟರ್ ಇಲ್ಲ, ಚೋಕಿನ ಕಡ್ಡಿ ಇಲ್ಲ. ಕೆಳಗೆ, ಚೈನ್ ತುಂಡಾದರೆ ಹಿಡಿಯಬೇಕಾದ ಸಣ್ಣ ತುಂಡು, ನಾವು ಚೈನ್ ಕ್ಯಾಚರ್ ಅನ್ನುವುದು, ಅದೂ ಇಲ್ಲ. ಮೈಮೇಲಿನ ಸ್ಟಿಕ್ಕರ್ ಉದುರಿ ಹೋಗಿ ಯಾವ ಮಾಡೆಲ್ ಅನ್ನುವುದಕ್ಕೂ ಗುರುತಿಲ್ಲ.

ಮಾಡೆಲ್ ಗೊತ್ತಿಲ್ಲದೆ ಸಾಮಾನು ತರಿಸುವುದು ಹೇಗೆ? ನನ್ನ ಅಂಗಡಿಯ ಮೂಲೆಯಲ್ಲಿ ಪಿಸ್ಟನ್ ಸುಟ್ಟು ಸತ್ತ ಒಂದು 58 ಸಿಸಿ ಚೀನಾ ಮಿಷನ್ ಇತ್ತು. ಅದರ ಸ್ಟಾರ್ಟರ್ ಬಿಚ್ಚಿ ಇದಕ್ಕೆ ಹಿಡಿದೆ. ನಾಲ್ಕು ಬೋಲ್ಟಿನ ತೂತೂ ಸರಿಯಾಗಿ ಕೂತವು. ಇದರಲ್ಲಿ ಆಶ್ಚರ್ಯ ಏನಿಲ್ಲ. ಜಪಾನಿನ ಝೆನೋವಾ ಕಂಪನಿಯ ಜಿ5000 ಅನ್ನುವ ಮಿಷನ್ನಿನ ವಿನ್ಯಾಸವನ್ನೇ ಚೀನಾದ ಹತ್ತಾರು ಕಾರ್ಖಾನೆಗಳು ನಕಲು ಮಾಡಿದವು. 45, 52, 58 ಸಿಸಿ ಅಂತ ಬೇರೆ ಬೇರೆ ಬಣ್ಣದಲ್ಲಿ, ಬೇರೆ ಬೇರೆ ಹೆಸರಲ್ಲಿ ಬರುವುದೆಲ್ಲ ಹೆಚ್ಚುಕಡಿಮೆ ಅದೇ ಮನೆತನ. ಹಾಗಾಗಿ ಹೆಸರು ಗೊತ್ತಿಲ್ಲದಿದ್ದರೂ ಸಾಮಾನು ಸಿಗುತ್ತದೆ.

ದುಡ್ಡು ಹಾಕುವ ಮೊದಲು

ಬಾರ್, ಚೈನ್ ತರಿಸುವ ಮಾತು ಆಮೇಲೆ. ಮೊದಲು ನೋಡಬೇಕಾದ್ದು ಇಂಜಿನ್ನಿನ ಒಳಗೆ ಜೀವ ಇದೆಯಾ ಅಂತ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಸೈಲೆನ್ಸರ್ ಬಿಚ್ಚಿದರೆ ಹೊಗೆ ಹೋಗುವ ದಾರಿ ಕಾಣುತ್ತದೆ, ಅದರಾಚೆ ಪಿಸ್ಟನ್ನಿನ ಮೈ ಕಾಣುತ್ತದೆ. ಟಾರ್ಚ್ ಹಿಡಿದು ನೋಡಿದೆ. ಪಿಸ್ಟನ್ ಮೈಮೇಲೆ ಅಡ್ಡಡ್ಡ ಕೂದಲೆಳೆಯಂಥ ಗೆರೆಗಳು ಇನ್ನೂ ಇದ್ದವು. ಅದು ಕಾರ್ಖಾನೆಯಲ್ಲಿ ಲೇತ್ ಮಾಡಿದ ಗುರುತು. ಅಡ್ಡ ಗೆರೆ ಇದ್ದರೆ ಒಳ್ಳೆಯದು. ಮೇಲಿಂದ ಕೆಳಗೆ ಉದ್ದ ಗೀರು ಬಿದ್ದಿದ್ದರೆ, ಎಣ್ಣೆ ಇಲ್ಲದೆ ಒಣ ಓಡಿ ಉಜ್ಜಿದೆ ಅಂತ ಅರ್ಥ. ಇಲ್ಲಿ ಉದ್ದಕ್ಕೆ ಎರಡು ಸಣ್ಣ ಗೀರು ಇದ್ದವು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟಿಲ್ಲ. ರಿಂಗನ್ನು ಕಡ್ಡಿಯಿಂದ ಒತ್ತಿದರೆ ಒಳಗೆ ಹೋಗಿ ವಾಪಸ್ ಚಿಮ್ಮಿತು. ರಿಂಗ್ ಕರಿಯಲ್ಲಿ ಅಂಟಿಕೊಂಡಿರಲಿಲ್ಲ.

ಸತ್ತ ಮಿಷನ್ನಿನ ಸ್ಟಾರ್ಟರ್ ಕೂರಿಸಿ, ಪ್ಲಗ್ ಜಾಗಕ್ಕೆ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಯುವ ಗೇಜ್ ಹಾಕಿ, ಆಕ್ಸಿಲೇಟರ್ ಪೂರ್ತಿ ಒತ್ತಿ ಆರು ಸಲ ಎಳೆದೆ. 130 ಪಿಎಸ್‌ಐ ಬಂತು. 100ರ ಕೆಳಗೆ ಇದ್ದಿದ್ದರೆ ಅಣ್ಣನಿಗೆ ಬೇಡ ಅಂತಲೇ ಹೇಳುತ್ತಿದ್ದೆ. ಗೇಜ್ ಇಲ್ಲದವರೂ ನೋಡಬಹುದು. ಪ್ಲಗ್ ಹಾಕಿಟ್ಟು, ಹಗ್ಗದ ಹಿಡಿ ಹಿಡಿದು ಮಿಷನ್ನನ್ನು ನೇತಾಡಲು ಬಿಡಿ. ತಡೆದು ತಡೆದು ಕೆಳಗಿಳಿದರೆ ಕಂಪ್ರೆಷನ್ ಇದೆ. ಸರ್ರನೆ ಜಾರಿದರೆ ಇಲ್ಲ.

ಮುಂದೆ ಕಿಡಿ. ಪ್ಲಗ್ ಬಿಚ್ಚಿ ಮೈಗೆ ತಾಗಿಸಿ ಎಳೆದರೆ ಏನೂ ಇಲ್ಲ. ಹೊಸ ಪ್ಲಗ್ ಹಾಕಿದರೂ ಇಲ್ಲ. ಇಲ್ಲಿ ತುಂಬಾ ಜನ ಕಿಡಿ ಹುಟ್ಟಿಸುವ ಕಾಯಿಲ್ ಹೋಗಿದೆ ಅಂತ ತೀರ್ಮಾನ ಮಾಡಿ ಹೊಸ ಕಾಯಿಲ್ ತರಿಸುತ್ತಾರೆ. ಅದಕ್ಕೆ ಮೊದಲು ಆಫ್ ಸ್ವಿಚ್ಚಿಗೆ ಹೋಗುವ ಸಣ್ಣ ವೈರನ್ನು ಕಾಯಿಲ್ ಹತ್ತಿರವೇ ಕಳಚಿ ನೋಡಿ. ನಾನು ಕಳಚಿ ಎಳೆದೆ, ನೀಲಿ ಕಿಡಿ ಟಕ್ ಅಂತ ಹಾರಿತು. ಆ ವೈರಿನ ಪ್ಲಾಸ್ಟಿಕ್ಕನ್ನು ಇಲಿ ಕಡಿದಿತ್ತು. ಒಳಗಿನ ತಂತಿ ಮೈಗೆ ತಾಗಿ, ಮಿಷನ್ ಆರು ವರ್ಷದಿಂದ ಆಫ್ ಆಗಿಯೇ ಇತ್ತು. ಐದು ಇಂಚು ವೈರಿನ ಕೆಲಸ ಅದು. ಮ್ಯಾಗ್ನೆಟ್ಟಿನ ತುಕ್ಕನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಕಾಯಿಲ್ಲಿಗೂ ಮ್ಯಾಗ್ನೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬೋಲ್ಟ್ ಬಿಗಿ ಮಾಡಿದೆ. ಕಾರ್ಡ್ ದಪ್ಪ ಸುಮಾರು 0.3 ಮಿ.ಮೀ. ಇರುತ್ತದೆ, ಬೇಕಾದ್ದೂ ಅಷ್ಟೇ ಗ್ಯಾಪ್.

ಇಷ್ಟಾದ ಮೇಲೆ ಅಣ್ಣನಿಗೆ ಫೋನ್ ಮಾಡಿ "ಇಂಜಿನ್ ಗಟ್ಟಿ ಇದೆ, ಮಾಡೋಣ" ಅಂದೆ.

ಯಾವುದನ್ನು ಮಾಡಿಕೊಳ್ಳಬಹುದು, ಯಾವುದನ್ನು ಬಾರದು

ಆವತ್ತು ಸಂಜೆ ಇಲ್ಲದ ಸಾಮಾನನ್ನೆಲ್ಲ ಪಟ್ಟಿ ಬರೆದು ಎರಡು ಪಾಲು ಮಾಡಿದೆ. ಇದಿಲ್ಲದಿದ್ದರೆ ಮಿಷನ್ ಓಡುವುದಿಲ್ಲ ಅನ್ನುವುದು ಒಂದು ಪಾಲು. ಇದಿಲ್ಲದಿದ್ದರೂ ಓಡುತ್ತದೆ, ಆದರೆ ಹಿಡಿದವನ ಕೈ ಹೋಗಬಹುದು ಅನ್ನುವುದು ಇನ್ನೊಂದು ಪಾಲು. ನನಗೆ ಭಯ ಇರುವುದು ಎರಡನೇ ಪಾಲಿನ ಬಗ್ಗೆಯೇ. ಮೊದಲನೆಯದನ್ನು ಯಾರೂ ಮರೆಯುವುದಿಲ್ಲ, ಮಿಷನ್ನೇ ಕೇಳಿ ಪಡೆಯುತ್ತದೆ. ಎರಡನೆಯದನ್ನು ಮಿಷನ್ ಕೇಳುವುದಿಲ್ಲ. ನಾವೇ ನೆನಪಿಟ್ಟು ಹಾಕಬೇಕು.

ಚೋಕಿನ ಕಡ್ಡಿಯನ್ನು ಸೈಕಲ್ ಕಡ್ಡಿಯಲ್ಲಿ ಮಾಡಿದೆ. ಎರಡೂ ತುದಿ ಬಗ್ಗಿಸಿದರೆ ಮುಗಿಯಿತು, ಇವತ್ತಿಗೂ ಅದೇ ಇದೆ. ಸೈಲೆನ್ಸರ್ ಪ್ಯಾಕಿಂಗನ್ನು ಬಿಸಿ ತಡೆಯುವ ಪ್ಯಾಕಿಂಗ್ ಶೀಟಿನಲ್ಲಿ ಕತ್ತರಿಸಿಕೊಂಡೆ. ಬಾರ್ ನಟ್ಟಿಗೆ ಬೈಕ್ ಸ್ಪೇರ್ ಅಂಗಡಿಯಲ್ಲಿ 8 ಎಂಎಂನ ವಾಷರ್ ಇರುವ ನಟ್ ಸಿಕ್ಕಿತು. ಇಂಥದ್ದಕ್ಕೆಲ್ಲ ಅಸಲಿ ಸಾಮಾನೇ ಬೇಕು ಅಂತ ಕಾಯುವುದರಲ್ಲಿ ಅರ್ಥ ಇಲ್ಲ.

ಪೆಟ್ರೋಲ್ ತಾಗುವ ರಬ್ಬರಿನ ವಿಷಯ ಹಾಗಲ್ಲ. ಟ್ಯಾಂಕಿನ ಮುಚ್ಚಳಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಹಾಕುವವರಿದ್ದಾರೆ. ಆ ರಬ್ಬರ್ ಪೆಟ್ರೋಲ್ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೇರೆ ಇರುತ್ತದೆ. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ, ಗಾಳಿಯಲ್ಲಿನ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ, ಅಲ್ವಾ? ಹಾಗಾಗಿ ಪೆಟ್ರೋಲ್ ಪೈಪು, ಟ್ಯಾಂಕಿನೊಳಗಿನ ಫಿಲ್ಟರ್, ಮುಚ್ಚಳದ ರಿಂಗ್ ಮೂರನ್ನೂ ಹೊಸದು ತರಿಸಿದೆ. ಏರ್ ಫಿಲ್ಟರಿನ ಜಾಗಕ್ಕೂ ಬಟ್ಟೆ ಕಟ್ಟಿ ಕೊಡಲಿಲ್ಲ. ಮರದ ಹುಡಿ ಒಳಗೆ ಹೋದರೆ ಇಷ್ಟು ಹೊತ್ತು ನೋಡಿದ ಪಿಸ್ಟನ್ನೇ ಹಾಳಾಗುತ್ತದೆ.

ಕಾರ್ಬುರೇಟರ್ ಬಿಚ್ಚಿದಾಗ ಒಳಗಿನ ಡಯಾಫ್ರಾಮ್ (ಬಾಗುವ ತೆಳು ಹಾಳೆ) ಒಣಗಿದ ಹಪ್ಪಳದ ಹಾಗಿತ್ತು. ಬೆರಳಲ್ಲಿ ಒತ್ತಿದರೆ ಟಪ್ ಅಂತ ಸದ್ದು. ಅದು ಮೆತ್ತಗೆ, ಸದ್ದಿಲ್ಲದೆ ಬಾಗಬೇಕು. ತಳದಲ್ಲಿ ಹಳೇ ಪೆಟ್ರೋಲ್ ಒಣಗಿ ಜೋನಿ ಬೆಲ್ಲದ ಬಣ್ಣದ ಅಂಟು ಕೂತಿತ್ತು. ತೊಳೆದು ರಿಪೇರಿ ಕಿಟ್ ಹಾಕಿದೆ. ಕಿಟ್ ಹಾಕುವಾಗ ಒಂದು ತಪ್ಪು ಜಾಸ್ತಿ ಆಗುತ್ತದೆ, ಗಮನವಿರಲಿ. ಸಣ್ಣ ಲಿವರ್ ಇರುವ ಕಡೆ ಮೊದಲು ಪ್ಯಾಕಿಂಗ್, ಅದರ ಮೇಲೆ ಡಯಾಫ್ರಾಮ್. ಪಂಪಿನ ಕಡೆ ಇದಕ್ಕೆ ಉಲ್ಟಾ: ಮೊದಲು ಡಯಾಫ್ರಾಮ್, ಮೇಲೆ ಪ್ಯಾಕಿಂಗ್. ಇದನ್ನು ಹಿಂದುಮುಂದು ಮಾಡಿ, ಮಿಷನ್ ಸರಿ ಓಡಲಿಲ್ಲ ಅಂತ ಒಳ್ಳೇ ಕಾರ್ಬುರೇಟರನ್ನೇ ಬಿಸಾಡಿದವರನ್ನು ಕಂಡಿದ್ದೇನೆ.

ಚೈನಿಗೆ ಎಣ್ಣೆ ಕೊಡುವ ಪಂಪು ನೋಡಲು ಕ್ಲಚ್ ಬಿಚ್ಚಬೇಕಾಯಿತು. ಕ್ಲಚ್ಚಿಗೆ ಇರುವುದು ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳು ಸುತ್ತುವ ಕಡೆ ತಿರುಗಿಸಿದರೆ ಬಿಚ್ಚುತ್ತದೆ. ಇಂಜಿನ್ ತಿರುಗದ ಹಾಗೆ ಹಿಡಿಯಲು ಪ್ಲಗ್ ತೂತಿನಲ್ಲಿ ನೈಲಾನ್ ಹಗ್ಗ ತುರುಕುತ್ತೇವೆ. ತುರುಕುವ ಮೊದಲು ಪಿಸ್ಟನ್ ಹೊಗೆ ದಾರಿಯನ್ನು ದಾಟಿ ಮೇಲೆ ಬಂದಿರಬೇಕು. ಇಲ್ಲದಿದ್ದರೆ ಹಗ್ಗ ಆ ದಾರಿಗೆ ಇಳಿದು, ಪಿಸ್ಟನ್ ಅಂಚಿಗೆ ಸಿಕ್ಕಿ ಹೊಸ ಕೆಲಸ ಹುಟ್ಟಿಕೊಳ್ಳುತ್ತದೆ. ಕ್ಲಚ್ ಹಿಂದೆ, ಎಣ್ಣೆ ಪಂಪನ್ನು ತಿರುಗಿಸುವ ಪ್ಲಾಸ್ಟಿಕ್ ಹಲ್ಲು ಅರ್ಧ ಸವೆದಿತ್ತು. ಅದನ್ನೂ ಪಟ್ಟಿಗೆ ಸೇರಿಸಿದೆ.

ಬ್ರೇಕ್ ಮತ್ತು ಕ್ಯಾಚರ್

ಮುಂದಿನ ಹಿಡಿಯ ಎದುರಿಗೆ ಇರುವ ಕಪ್ಪು ಗಾರ್ಡ್ ಸುಮ್ನೆ ಕೈಗೆ ಕೊಂಬೆ ತಾಗದಿರಲಿ ಅಂತ ಇಟ್ಟಿದ್ದಲ್ಲ. ಅದು ಬ್ರೇಕ್. ಬಾರಿನ ತುದಿಯ ಮೇಲ್ಭಾಗ ಗಟ್ಟಿಯಾದ್ದಕ್ಕೆ ತಾಗಿದರೆ ಮಿಷನ್ ಒಂದೇ ಏಟಿಗೆ ಮುಖದ ಕಡೆ ಎಗರುತ್ತದೆ. ಆಗ ಮಣಿಕಟ್ಟು ಗಾರ್ಡಿಗೆ ತಾಗಿ, ಪಟ್ಟಿ ಕ್ಲಚ್ ಡ್ರಮ್ಮನ್ನು ಬಿಗಿದು, ಚೈನ್ ನಿಲ್ಲಬೇಕು. ಈ ಮಿಷನ್ನಿನಲ್ಲಿ ಗಾರ್ಡ್ ತಳ್ಳಿದರೆ ಟಕ್ ಅನ್ನಲೇ ಇಲ್ಲ. ಕವರ್ ಒಳಗೆ ಹುಡಿ, ಎಣ್ಣೆ ಸೇರಿ ಕೆಸರಿನ ಹಾಗೆ ಗಟ್ಟಿಯಾಗಿತ್ತು. ಕೆರೆದು ತೆಗೆದರೆ, ಪಟ್ಟಿ ಒಂದು ಕಡೆ ಅರ್ಧಕ್ಕರ್ಧ ತೆಳುವಾಗಿತ್ತು. ಬೆಸುಗೆ ಹಾಕಿ ಕೊಡುತ್ತೇನೆ ಅಂತ ಲೇತಿನವರು ಹೇಳಿದರು. ಅವರ ಕೈಗುಣ ಒಳ್ಳೆಯದೇ, ಆದರೆ ಬ್ರೇಕಿನ ಪಟ್ಟಿಗೆ ನಾನು ಬೆಸುಗೆ ಒಪ್ಪುವುದಿಲ್ಲ. ಪೂರ್ತಿ ಕವರನ್ನೇ ಹೊಸದು ತರಿಸಿದೆ. ಚೈನ್ ಬಿಗಿ ಮಾಡುವ ಸ್ಕ್ರೂ ಅದರ ಜೊತೆಗೇ ಬಂತು.

ಉಳಿದದ್ದು ಕ್ಯಾಚರ್. ಬೇರೆ ಸಾಮಾನೆಲ್ಲ ಬೆಂಗಳೂರಿನಿಂದ ಬಸ್ ಪಾರ್ಸಲ್ಲಿನಲ್ಲಿ ಬಂತು, ಇದೊಂದು ಮಾತ್ರ ಅಂಗಡಿಯವರ ಹತ್ತಿರ ಖಾಲಿಯಾಗಿತ್ತು. ಇನ್ನೂ ಮೂರು ದಿನ ಅಂದರು. ಸತ್ತ ಮಿಷನ್ನಿನ ಕ್ಯಾಚರ್ ಮೊದಲೇ ಮುರಿದಿತ್ತು. ಅಣ್ಣ ಬಂದು ಕೂತಿದ್ದರು.

"ಅಷ್ಟು ಚೂರಿಗೆ ಮೂರು ದಿನ ಕಾಯ್ಬೇಕಾ? ಅದಿಲ್ಲದಿದ್ರೂ ಓಡುತ್ತೆ ಅಲ್ವಾ, ಕೊಡು ಮಾರಾಯ. ಆಮೇಲೆ ಹಾಕಿಸ್ಕೊಳ್ತೀನಿ."

ನಾನು ಚೈನ್ ಎಳೆಯುವ ಹಲ್ಲಿನ ಚಕ್ರ, ಸ್ಪ್ರಾಕೆಟ್, ತೋರಿಸಿ ಲೆಕ್ಕ ಹೇಳಿದೆ. ಏಳು ಹಲ್ಲು. ಒಂದು ಸುತ್ತಿಗೆ ಚೈನ್ ಹನ್ನೊಂದೂವರೆ ಸೆಂಟಿಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 10,000 ಸುತ್ತು ಅಂದರೆ ಸೆಕೆಂಡಿಗೆ 19 ಮೀಟರ್. ಗಂಟೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 70 ಕಿಲೋಮೀಟರ್. ಆ ವೇಗದಲ್ಲಿ ಚೈನ್ ತುಂಡಾದರೆ ಅಥವಾ ಬಾರಿನಿಂದ ಹಾರಿದರೆ, ಅಡಿಯಿಂದ ಹಿಂದಕ್ಕೆ, ಬಲಗೈ ಇರುವ ಕಡೆಗೇ ಬೀಸುತ್ತದೆ. ಅದಕ್ಕೆ ಅಡ್ಡ ಇರುವುದು ಈ ಚೂರು, ಅದರ ಹಿಂದೆ ಹಿಂಬದಿ ಹಿಡಿಯ ಅಗಲ ತಳ. ಅಷ್ಟೇ.

"ಕಬ್ಬಿಣದ ತುಂಡು ಬೋಲ್ಟ್ ಮಾಡಿದ್ರೆ ಆಗಲ್ವಾ?"

ಒಳ್ಳೇ ಪ್ರಶ್ನೆ ಅದು. ಕ್ಯಾಚರನ್ನು ಬೇಕೆಂದೇ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಚೈನಿನ ಏಟನ್ನು ತಾನು ತಿಂದು ಮೆತ್ತಗೆ ಸವೆಯಬೇಕು. ಕಬ್ಬಿಣವಾದರೆ ಚೈನಿನ ಕೆಳ ಹಲ್ಲೇ ಹಾಳಾಗುತ್ತದೆ. ಇಷ್ಟು ಹೇಳಿದ ಮೇಲೆ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಓಡಿಸೋದು ನಾನಲ್ಲ, ನಮ್ಮ ರೈಟರ್ ಮಗ" ಅಂದರು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರನ್ನು ನಮ್ಮ ಕಡೆ ರೈಟರ್ ಅನ್ನುತ್ತೇವೆ. "ಆಯ್ತು, ಬರ್ಲಿ" ಅಂತ ಎದ್ದು ಹೋದರು. ಕ್ಯಾಚರ್ ಬೆಲೆ ಊಟದ ದುಡ್ಡಿಗಿಂತ ಕಡಿಮೆ ಇತ್ತು.

ಮೊದಲ ಸಲ ಹತ್ತಿದಾಗ

ಆ ಮೂರು ದಿನ ಸುಮ್ಮನೆ ಹೋಗಲಿಲ್ಲ. ಬಾರ್ ಹಾಕದೆ ಇಂಜಿನ್ ಒಂದನ್ನೇ ಓಡಿಸಿ ನೋಡಿದೆ. ಒಂದು ಲೀಟರ್ ಪೆಟ್ರೋಲಿಗೆ 25 ಎಂಎಲ್ ಒಳ್ಳೇ ಟು-ಟಿ ಆಯಿಲ್. ಕಾರ್ಬುರೇಟರಿನ ಎರಡೂ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೊಂದು ಸುತ್ತು ವಾಪಸ್ ಬಿಚ್ಚಿದೆ. ಎಂಟನೇ ಎಳೆತಕ್ಕೆ ಹತ್ತಿತು. ಆದರೆ ಕೈ ಬಿಟ್ಟರೂ ಇಳಿಯದೆ ಒಂದೇ ಸಮ ಕಿರುಚತೊಡಗಿತು. ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ತಕ್ಷಣ ಆಫ್ ಮಾಡಿದೆ. ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿದೆ ಅಂತ ಅದರ ಅರ್ಥ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾದರೆ ಜೊತೆಗೆ ಎಣ್ಣೆಯೂ ಕಡಿಮೆ, ಪಿಸ್ಟನ್ ಸುಡುತ್ತದೆ. ಮೂಲೆಯಲ್ಲಿದ್ದ ಮಿಷನ್ ಸತ್ತಿದ್ದು ಹಾಗೆಯೇ.

ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬೂಟ್ ಹೊರಗಿನಿಂದ ಚೆನ್ನಾಗಿಯೇ ಕಂಡಿತ್ತು. ಬಿಚ್ಚಿ ಬೆರಳಲ್ಲಿ ಬಗ್ಗಿಸಿದಾಗ ಮಡಿಕೆಯ ಒಳಗೆ ಅರ್ಧ ಇಂಚಿನ ಸೀಳು ಬಾಯಿ ಬಿಟ್ಟಿತು. ಬಗ್ಗಿಸದೆ ನೋಡಿದರೆ ಅದು ಕಾಣುವುದೇ ಇಲ್ಲ. ಅಂಟು ಬಳಿಯಲಿಲ್ಲ, ಹೊಸ ಬೂಟ್ ಹಾಕಿದೆ. ಆಮೇಲೆ ಕೈ ಬಿಟ್ಟರೆ ಇಂಜಿನ್ ಇಳಿದು ಮೆಲ್ಲಗೆ, ಒಂದೇ ಹದದಲ್ಲಿ ಓಡಿತು.

ಬಾರ್ ಯಾವ ಉದ್ದದ್ದು ಹಾಕಬೇಕು ಅಂತ ಅಣ್ಣ ಕೇಳಿದ್ದರು. ಮೊದಲು 22 ಇಂಚಿನದು ಇತ್ತಂತೆ. ನಾನು 18 ಹಾಕಿದೆ. ಅವರ ಸಿಲ್ವರ್ ಒಂದೂವರೆ ಅಡಿ ದಪ್ಪದ ಒಳಗೇ ಇವೆ, ಹಳೇ ಇಂಜಿನ್ನಿಗೆ ಭಾರ ಕಡಿಮೆ, ಎಳೆಯುವ ಹುಡುಗನಿಗೂ ಹಿಡಿತ ಸಿಗುತ್ತದೆ. ಚೈನ್ ತರುವಾಗ ಬಾರಿನ ಉದ್ದ ಹೇಳಿದರೆ ಸಾಲದು. ಇದಕ್ಕೆ ಬೇಕಾದ್ದು .325 ಇಂಚು ಪಿಚ್ (ಕೊಂಡಿಯ ಅಳತೆ), .058 ಇಂಚು ದಪ್ಪ, 72 ಕೆಳಹಲ್ಲು. ಮೂರೂ ಸರಿ ಇರಬೇಕು. ಸಾಮಾನ್ಯವಾಗಿ ಬಾರಿನ ಬುಡದಲ್ಲೇ ಅಚ್ಚಾಗಿರುತ್ತದೆ. ಸಾಣೆಗೆ 4.8 ಎಂಎಂನ ಗುಂಡು ಅರ.

ಕ್ಯಾಚರ್ ಬಂದ ದಿನ ಎಲ್ಲ ಜೋಡಿಸಿ, ರೈಟರ್ ಮಗನನ್ನೂ ಕರೆಸಿದೆ. ಅವನೆದುರಿಗೇ ಬಾರಿನ ತುದಿಯನ್ನು ಹಳೇ ಪೇಪರಿನ ಹತ್ತಿರ ಹಿಡಿದು ಎಕ್ಸಿಲೇಟರ್ ಕೊಟ್ಟೆ. ಪೇಪರಿನ ಮೇಲೆ ಎಣ್ಣೆಯ ಗೆರೆ ಬಿತ್ತು, ಚೈನಿಗೆ ಎಣ್ಣೆ ಬರುತ್ತಿದೆ. ಕೈ ಬಿಟ್ಟೆ, ಚೈನ್ ನಿಂತಿತು. ಪೂರ್ತಿ ಓಡುತ್ತಿರುವಾಗ ಮಣಿಕಟ್ಟಿನಿಂದ ಗಾರ್ಡ್ ತಳ್ಳಿದೆ, ಚೈನ್ ಆ ಕ್ಷಣವೇ ನಿಂತಿತು. ಅವನ ಕೈಲೂ ಮೂರು ಸಲ ಮಾಡಿಸಿದೆ. ದಿನಾ ಬೆಳಿಗ್ಗೆ ಮೊದಲ ಮರಕ್ಕೆ ಹೋಗುವ ಮುಂಚೆ ಇದನ್ನು ಮಾಡು, ನಿಲ್ಲದಿದ್ದರೆ ಮರ ಮುಟ್ಟಬೇಡ ಅಂದೆ. ಗಮ್ ಬೂಟ್, ಹೆಲ್ಮೆಟ್, ಕಣ್ಣಿಗೆ ಕನ್ನಡಕ ಇಲ್ಲದೆ ಬೇಡ ಅಂತ ಅಣ್ಣನಿಗೂ ಹೇಳಿದೆ. ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಸವರಲು, ಇದನ್ನು ಹಿಡಿದು ಮರ ಹತ್ತುವುದಂತೂ ಬೇಡವೇ ಬೇಡ. ಅದಕ್ಕೆ ಕತ್ತಿಯೇ ಸರಿ.

ಒಟ್ಟು ಬಿಲ್ 4,150 ರೂಪಾಯಿ ಆಯಿತು. ಅದರಲ್ಲಿ ಬಾರ್, ಚೈನಿಗೇ 1,600.

ನಾಲ್ಕು ದಿನಕ್ಕೆ ಫೋನ್ ಬಂತು. ಎರಡು ಮರ ತೆಗೆದಾಗಿದೆ. ಚೆನ್ನಾಗಿ ಕೊಯ್ಯುತ್ತದೆ, ಆದರೆ ಇಪ್ಪತ್ತು ನಿಮಿಷ ಓಡಿದ ಮೇಲೆ ನಿಂತುಹೋಗುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಹತ್ತುತ್ತದೆ. ಕಾಯಿಲ್ ಬಿಸಿಯಾಗಿ ಸಾಯುತ್ತಿದೆಯೇನೋ ಅಂತ ನನಗೂ ಒಂದು ಕ್ಷಣ ಅನ್ನಿಸಿತು. "ನಿಂತ ಕೂಡಲೇ ಪೆಟ್ರೋಲ್ ಮುಚ್ಚಳ ಮೆಲ್ಲಗೆ ಸಡಿಲ ಮಾಡಿ ನೋಡು. ಬಿಸಿ ಸೈಲೆನ್ಸರ್ ಮೇಲೆ ಚೆಲ್ಲದ ಹಾಗೆ" ಅಂದೆ. ಹುಡುಗ ಫೋನ್ ಹಿಡಿದೇ ಮಾಡಿದ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ನನಗೇ ಕೇಳಿಸಿತು. ಎರಡೇ ಎಳೆತಕ್ಕೆ ಮಿಷನ್ ಹತ್ತಿತು. ಪೆಟ್ರೋಲ್ ಖಾಲಿಯಾದ ಹಾಗೆ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ದಾರಿ ಇರುತ್ತದೆ. ಅದು ಹಳೇ ಹುಡಿಯಿಂದ ಕಟ್ಟಿತ್ತು. ಅಷ್ಟೆಲ್ಲ ಬಿಚ್ಚಿದ ನಾನು ಅದೊಂದನ್ನು ನೋಡಿರಲಿಲ್ಲ. ಮಾರನೇ ದಿನ ತೋಟಕ್ಕೇ ಹೋಗಿ ಆ ವಾಲ್ವ್ ಬದಲಿಸಿ ಬಂದೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಮೂರನೇ ಸಿಲ್ವರ್ ಅವತ್ತು ನನ್ನೆದುರಿಗೇ ಹೋಯಿತು. ಎರಡು ದಿಬ್ಬದ ನಡುವೆ ಸೇತುವೆಯ ಹಾಗೆ ಮಲಗಿತ್ತು. ಹುಡುಗ ಮೇಲಿಂದ ಸ್ವಲ್ಪವೇ ಕೊಯ್ದು, ಉಳಿದದ್ದನ್ನು ಅಡಿಯಿಂದ ಕೊಯ್ದ. ಹಾಗೆ ಮಾಡದಿದ್ದರೆ ಭಾರಕ್ಕೆ ಮರ ಕುಸಿದು ಬಾರನ್ನು ಕಚ್ಚಿಕೊಳ್ಳುತ್ತದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಕೈಗರಗಸದಲ್ಲಿ ಅಪ್ಪನ ಜೊತೆ ಕಲಿತದ್ದಂತೆ. ಅಡಿಯಲ್ಲಿ ಸಿಕ್ಕಿದ್ದ ಒಂಬತ್ತು ಗಿಡದಲ್ಲಿ ಆರನ್ನು ಎತ್ತಿ ಕಟ್ಟಿದರು.

ಮಿಷನ್ ಈಗ ಅಣ್ಣನ ಮನೆಯ ಜಗಲಿಯಲ್ಲಿದೆ, ಗೋಣಿಚೀಲದಲ್ಲಿ ಅಲ್ಲ. ಟ್ಯಾಂಕ್ ಖಾಲಿ ಮಾಡಿ, ಉಳಿದ ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ಇಟ್ಟಿದ್ದಾರೆ. ಮರಕ್ಕೆ ಕಚ್ಚಿ ಹಿಡಿಯುವ ಮುಂದಿನ ಮುಳ್ಳುಪಟ್ಟಿ ಮಾತ್ರ ಇನ್ನೂ ಸಿಕ್ಕಿಲ್ಲ. ಸತ್ತ ಮಿಷನ್ನಿನದು ಇದಕ್ಕೆ ಕೂರುವುದಿಲ್ಲ, ಒಂದು ತೂತು ಎರಡು ಎಂಎಂ ಆಚೆ ಇದೆ. ಕಾಫಿ ಕೊಯ್ಲು ಮುಗಿದ ಮೇಲೆ ಮಿಷನ್ ತಂದು ಕೊಡುತ್ತೇನೆ ಅಂತ ಅಣ್ಣ ಅಂದಿದ್ದಾರೆ, ಆಗ ಆ ಪಟ್ಟಿಗೆ ತೂತು ಹೊಸದಾಗಿ ಕೊರೆದು ಕೂರಿಸಬೇಕು.